ಬೆಟ್ಟಕ್ಕೆ ಬೆನ್ನು ಹಾಕಬೇಡ, ಪುಟ್ಟಿ

ಕೊತ್ರೂಡ, ಪುಣೆ

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಗಣಪತಿಯನ್ನು ಕಳಿಸಿಕೊಟ್ಟ ಮೇಲೆ ಮಳೆ ಮತ್ತೆ ಹಿಡಿದಿದೆ. ಖಡಕವಾಸಲಾದಿಂದ ನೀರು ಬಿಟ್ಟಿದ್ದಾರೆಂದು ಮುಠಾ ನದಿಪಾತ್ರದ ರಸ್ತೆ ಮುಚ್ಚಿದ್ದಾರೆ. ನೀನು ಹಿಂಜವಡಿಯಿಂದ ಭಾನುವಾರ ಬಂದರೂ ಕೂತು ಮಾತಾಡಲು ಪುರುಸೊತ್ತು ಎಲ್ಲಿ? ಊಟ, ಫೋನು, ನಿನ್ನ ಅಮ್ಮನ ನೂರೆಂಟು ಪ್ರಶ್ನೆ, ಅಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಸಂಘದ ಶಾಲೆಯಲ್ಲಿ ಕಲಿತ ಅಕ್ಷರವನ್ನು ನೀನು ಉಳಿಸಿಕೊಂಡಿದ್ದೀ ಎಂಬುದು ನನಗೆ ದೊಡ್ಡ ಸಂತೋಷ. ನಿಧಾನವಾಗಿ ಓದು.

ಬರುವ ಮೇ ತಿಂಗಳಲ್ಲಿ ಗೆಳತಿಯರ ಜೊತೆ ಸ್ಪೇನ್ ದೇಶದ ನೆರ್ಹಾ ಎಂಬ ಕಡಲೂರಿಗೆ ಹೋಗುವ ವಿಚಾರ ಹೇಳಿದೆ. ಮಲಗಾ ವಿಮಾನ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಹೋಗಬೇಕು, ಮುಂದೆ ನೀಲಿ ಕಡಲು, ಹಿಂದೆ ಬೆಟ್ಟ, ನಡುವೆ ಬಿಳಿ ಮನೆಗಳು ಎಂದು ಫೋಟೋ ತೋರಿಸಿದೆ. ಹವಾಮಾನ ಇಲಾಖೆಯಲ್ಲಿದ್ದವನಲ್ಲವೇ, ಅಲ್ಲಿ ಹೇಗಿರುತ್ತದೆ ಹೇಳು ಎಂದೂ ಕೇಳಿದೆ. ನಿನ್ನ ವಯಸ್ಸಿನಲ್ಲಿ ದುಡಿದ ದುಡ್ಡಿನಿಂದ ದೂರದ ದೇಶ ನೋಡಬೇಕೆಂಬ ಆಸೆ ಒಳ್ಳೆಯದು. ಹೋಗಿ ಬಾ. ಕೇಳಿದ್ದಕ್ಕೆ ಉತ್ತರವನ್ನೂ, ಕೇಳದ ಒಂದು ವಿಚಾರವನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಬೇಸಿಗೆಯ ಬೆನ್ನಿಗೇ ಮಳೆ ಬರುತ್ತದೆ. ಮೆಡಿಟರೇನಿಯನ್ ತೀರದಲ್ಲಿ ಇದು ತಿರುಗುಮುರುಗು. ಬೇಸಿಗೆ ಅಲ್ಲಿ ಒಣಗಾಲ, ಮಳೆ ಬೀಳುವುದು ಚಳಿಗಾಲದಲ್ಲಿ. ಆಲಿವ್ ಮರದ ಎಲೆ ಅಷ್ಟು ಸಣ್ಣದಾಗಿ, ಗಡುಸಾಗಿ ಇರುವುದು ಆ ಒಣ ಬೇಸಿಗೆಯನ್ನು ದಾಟುವುದಕ್ಕೆ. ಮೇ ತಿಂಗಳಲ್ಲಿ ಬಿಸಿಲು ಹಿತವಾಗಿರುತ್ತದೆ, ಬೆಟ್ಟ ಹತ್ತಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಆದರೆ ನೀರು ತಣ್ಣಗಿರುತ್ತದೆ, ಪುಟ್ಟಿ. ಕಡಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಸಾಲದ್ದಕ್ಕೆ ನೆರ್ಹಾದ ಎದುರಿನ ಕಡಲಿಗೆ ಜಿಬ್ರಾಲ್ಟರ್ ಜಲಸಂಧಿಯಿಂದ ಅಟ್ಲಾಂಟಿಕ್‌ನ ತಂಪು ನೀರು ಒಳಗೆ ಬರುತ್ತಿರುತ್ತದೆ. ಮೇನಲ್ಲಿ ಅಲ್ಲಿಯ ನೀರು 18 ಡಿಗ್ರಿ ಆಸುಪಾಸು. ನಮ್ಮ ಕಾರವಾರದ ಕಡಲು ಡಿಸೆಂಬರಿನಲ್ಲೂ 28ರ ಹತ್ತಿರ ಇರುತ್ತದೆ. ನೀವು ಮುಖ್ಯವಾಗಿ ಈಜಲು ಹೋಗುವುದಾದರೆ ಸೆಪ್ಟೆಂಬರಿನ ಮೊದಲ ಪಾಲು ಮೇಲು, ನಡೆಯಲು ಹೋಗುವುದಾದರೆ ಮೇ ಮೇಲು. ಜುಲೈ ಆಗಸ್ಟ್ ಬೇಡವೇ ಬೇಡ. ಯುರೋಪಿನ ಅರ್ಧ ಜನ ಆಗ ಆ ತೀರದಲ್ಲಿರುತ್ತಾರೆ. ಈಜುವುದೋ ನಡೆಯುವುದೋ ಎಂಬ ಒಂದು ವಿಷಯವನ್ನು ಗೆಳತಿಯರೊಡನೆ ಕೂತು ಮೊದಲು ತೀರ್ಮಾನ ಮಾಡಿಕೊಳ್ಳಿ, ಟಿಕೆಟ್ಟಿನ ರೇಟು ಆಮೇಲೆ ನೋಡಿ.

ಇನ್ನು ನೀನು ಕೇಳದ ವಿಚಾರ.

ನಾನು ದುಡಿದದ್ದು ಶಿವಾಜಿನಗರದ ಹವಾಮಾನ ಕಚೇರಿಯಲ್ಲಿ. ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂತು, ಅದಕ್ಕೇ ಇವತ್ತಿಗೂ ಊರವರು ಆ ಕಟ್ಟಡವನ್ನು ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಊರೂರಿನಿಂದ ಬಂದ ಗಾಳಿ, ಒತ್ತಡ, ಮಳೆಯ ಅಂಕಿಗಳನ್ನು ನಕ್ಷೆಗೆ ಇಳಿಸುವುದು ನನ್ನ ಕೆಲಸವಾಗಿತ್ತು. ಆ ನಕ್ಷೆಗಳ ಮುಂದೆ ವರ್ಷಗಟ್ಟಲೆ ಕೂತವನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ನಿಂತಿದೆ. ಬೆಟ್ಟ ಬೆನ್ನಿಗಿರುವ ಕಡಲೂರಿನಲ್ಲಿ ಯಜಮಾನಿಕೆ ಕಡಲಿನದ್ದಲ್ಲ, ಬೆಟ್ಟದ್ದು. ಮಳೆ ಎಷ್ಟು ಬೀಳಬೇಕು, ಹೊಳೆ ಎಲ್ಲಿ ಕಡಲಿಗೆ ಸೇರಬೇಕು, ರಸ್ತೆ ಎಲ್ಲಿ ಹಾಯಬೇಕು, ತಟ್ಟೆಗೆ ಏನು ಬರಬೇಕು, ಎಲ್ಲವನ್ನೂ ತೀರ್ಮಾನಿಸುವುದು ಬೆಟ್ಟ. ಪ್ರವಾಸಕ್ಕೆ ಬಂದವರು ಮಾತ್ರ ಬೆಟ್ಟಕ್ಕೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ಕೂತುಬಿಡುತ್ತಾರೆ. ಅರ್ಧ ಊರನ್ನು ನೋಡದೇ ವಾಪಸು ಬರುತ್ತಾರೆ.

ಈ ಮಾತು ಪುಣೆಯವಳಾದ ನಿನಗೆ ಬೇಗ ತಿಳಿಯಬೇಕು. ನೀನು ಹುಟ್ಟಿ ಬೆಳೆದದ್ದು ಸಹ್ಯಾದ್ರಿಯ ಹಿತ್ತಲಲ್ಲಿ. ಅರಬ್ಬಿ ಕಡಲಿನಿಂದ ಬಂದ ಮುಗಿಲು ಘಟ್ಟ ಹತ್ತುವಾಗಲೇ ತನ್ನ ಹೊರೆ ಇಳಿಸಿಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಲೋಣಾವಳೆಯಲ್ಲೂ ಸಾವಿರಗಳ ಲೆಕ್ಕವೇ, ಘಟ್ಟ ಇಳಿದು ಪುಣೆಗೆ ಬರುವ ಹೊತ್ತಿಗೆ ಉಳಿಯುವುದು 720ರ ಆಸುಪಾಸು. ಮಳೆನೆರಳು ಎಂದು ಶಾಲೆಯಲ್ಲಿ ಓದಿದ್ದೀ. ಆ ನೆರಳನ್ನು ಬೀಳಿಸುವ ಬೆಟ್ಟದ ಮುಂಬದಿ ಹೇಗಿದೆ ಎಂದು ನೀನು ಸಾವಕಾಶವಾಗಿ ನೋಡಿಲ್ಲ. ಮದುವೆ ಮುಂಜಿಗೆಂದು ನಮ್ಮ ಊರು ಅಂಕೋಲೆಗೆ ಬಂದದ್ದು, ಛತ್ರದಿಂದ ಛತ್ರಕ್ಕೆ ಹೋದದ್ದು, ಅದು ನೋಡಿದ ಹಾಗಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೆರ್ಹಾಕ್ಕೆ ಹೋಗುವ ಮೊದಲು, ಈ ಡಿಸೆಂಬರಿನಲ್ಲಿ, ನಿನ್ನ ಗೆಳತಿಯರನ್ನೂ ಕರೆದುಕೊಂಡು ನಮ್ಮ ಜೊತೆ ಕಾರವಾರಕ್ಕೆ ಬಾ. ಪಶ್ಚಿಮ ಕರಾವಳಿಯಲ್ಲಿ ಘಟ್ಟ ಸಾಮಾನ್ಯವಾಗಿ ಕಡಲಿನಿಂದ ಒಂದಿಷ್ಟು ದೂರ ನಿಲ್ಲುತ್ತದೆ. ಕಾರವಾರದಲ್ಲಿ ಹಾಗಲ್ಲ, ಗುಡ್ಡದ ಸಾಲು ನೇರ ನೀರಿನವರೆಗೂ ಇಳಿದಿದೆ, ಕೆಲವು ತುಣುಕು ನೀರಿನೊಳಗೂ ಹೋಗಿ ನಡುಗಡ್ಡೆಯಾಗಿ ನಿಂತಿವೆ. ಕೂರ್ಮಗಡ ಅಂಥದ್ದು. ಅಲ್ಲಿಯ ನರಸಿಂಹ ದೇವರ ಜಾತ್ರೆಗೆ ಜನ ದೋಣಿಯಲ್ಲೇ ಹೋಗಬೇಕು.

ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಕೆಲವು ಕಾಲ ಇದ್ದದ್ದು ನಿನಗೆ ಗೊತ್ತೇ? ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯರು, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಆಗ ಅದು ಮುಂಬಯಿ ಪ್ರಾಂತ್ಯ. 1880ರ ದಶಕದ ಆರಂಭದಲ್ಲಿ, ಹೆಚ್ಚುಕಮ್ಮಿ ನಿನ್ನದೇ ವಯಸ್ಸಿನಲ್ಲಿ, ರವೀಂದ್ರರು ಅಣ್ಣನ ಮನೆಗೆ ಬಂದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲಿಯೇ. ಮುಂದೆ ತಮ್ಮ ನೆನಪುಗಳಲ್ಲಿ ಕಾರವಾರಕ್ಕೆಂದೇ ಒಂದು ಅಧ್ಯಾಯ ಕೊಟ್ಟರು. ಆ ಅಧ್ಯಾಯದಲ್ಲಿ ನನಗೆ ಮುಖ್ಯವೆನಿಸುವುದು ಒಂದೇ. ಅವರು ಕಡಲು ನೋಡಿ ಸುಮ್ಮನಾಗಲಿಲ್ಲ. ದೋಣಿಯಲ್ಲಿ ಕೂತು ಕಾಳಿ ನದಿಯಲ್ಲಿ ಮೇಲಕ್ಕೆ, ಬೆಟ್ಟದ ಕಡೆಗೆ ಹೋದರು. ಈಗ ಆ ಕಡಲತೀರಕ್ಕೆ ಅವರದೇ ಹೆಸರಿದೆ. ನದಿಯ ಮೇಲಕ್ಕೆ ಹೋಗುವ ಪ್ರವಾಸಿಗರು ಮಾತ್ರ ಕಡಿಮೆ. ನಾವು ಹೋಗೋಣ.

ಕಾರವಾರದಲ್ಲಿ ನಿನಗೆ ನಾನು ತೋರಿಸಬೇಕೆಂದಿರುವುದು ಒಂದು ಸಣ್ಣ ಸಂಗತಿ. ಬೆಳಿಗ್ಗೆ ಏಳು ಗಂಟೆಗೆ ಬೈತಖೋಲ ಬಂದರಿಗೆ ಹೋಗಬೇಕು. ಸೂರ್ಯ ಹುಟ್ಟಿದರೂ ಮುಖ ಕಾಣುವುದಿಲ್ಲ, ಬೆಟ್ಟ ಅಡ್ಡ. ನೀರಿನ ಮೇಲೆ ದೂರದಲ್ಲಿ ಬಿಸಿಲು ಬಿದ್ದಿರುತ್ತದೆ, ನಾವು ನಿಂತಲ್ಲಿ ಇನ್ನೂ ನೆರಳು. ಆ ಹೊತ್ತಿನಲ್ಲಿ ಬೋಟುಗಳ ಮೇಲಿನ ಬಾವುಟಗಳನ್ನು ನೋಡು. ಎಲ್ಲವೂ ಕಡಲಿನ ಕಡೆಗೆ ಹಾರುತ್ತಿರುತ್ತವೆ. ರಾತ್ರಿಯಿಡೀ ತಣಿದ ಬೆಟ್ಟದಿಂದ ಭಾರವಾದ ಗಾಳಿ ಕೆಳಗಿಳಿದು ನೀರಿನ ಮೇಲೆ ಹೋಗುತ್ತಿರುತ್ತದೆ, ಕೆನ್ನೆಗೆ ತಾಗಿದರೆ ಅದರಲ್ಲಿ ತರಗೆಲೆಯ ವಾಸನೆ ಇರುತ್ತದೆ. ಒಂಬತ್ತು ಗಂಟೆ ದಾಟಿತೆಂದರೆ ಗಾಳಿ ಸಡಿಲ. ಬಾವುಟಗಳೆಲ್ಲ ಕೋಲಿಗೆ ಅಂಟಿಕೊಳ್ಳುತ್ತವೆ, ನೀರು ಎಣ್ಣೆಯಂತೆ ಮಿನುಗುತ್ತದೆ, ಸೆಕೆ ಶುರುವಾಗುತ್ತದೆ. ಆಮೇಲೆ, ಹನ್ನೊಂದರ ಹೊತ್ತಿಗೆ, ಹೊರಗಿನ ಬೋಟಿನ ಬಾವುಟ ಮೊದಲು ಅಲುಗುತ್ತದೆ. ಅದು ಈ ಬಾರಿ ಬೆಟ್ಟದ ಕಡೆಗೆ ತಿರುಗುತ್ತದೆ. ಅದರ ಹಿಂದಿನದು, ಅದರ ಹಿಂದಿನದು, ಹೀಗೆ ಒಂದೊಂದಾಗಿ ಬಂದರಿನ ಬಾವುಟಗಳೆಲ್ಲ ತಿರುಗುತ್ತವೆ. ಪಡುಗಾಳಿ ಹಿಡಿಯಿತು ಎಂದರ್ಥ. ಬಿಸಿಲಿಗೆ ಕಾದ ಗುಡ್ಡ ಈಗ ಕಡಲ ಗಾಳಿಯನ್ನು ತನ್ನೆಡೆಗೆ ಸೆಳೆಯುತ್ತಿದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಕು ಹರಿಯುವ ಮೊದಲೇ ಘಟ್ಟದ ಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನ ಪಡುಗಾಳಿಗೆ ವಾಪಸು ಬರುತ್ತಿದ್ದರು. ಅವರ ದಿನಚರಿಯೇ ಬೆಟ್ಟ ಕಾಯುವ, ತಣಿಯುವ ಲೆಕ್ಕದ ಮೇಲೆ ನಿಂತಿತ್ತು. ನೆರ್ಹಾದಲ್ಲೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿಗೆ ಹೋದ ಮೊದಲ ದಿನವೇ ಯಾವುದಾದರೊಂದು ಬಾವುಟವನ್ನು ಗುರುತಿಟ್ಟುಕೋ. ಕಡಲಿಗೆ ಎಷ್ಟು ಹೊತ್ತಿಗೆ ಇಳಿಯಬೇಕು, ಬೆಟ್ಟಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ.

ಅದೃಷ್ಟವಿದ್ದರೆ ರಂಪಣಿ ಎಳೆಯುವುದೂ ಸಿಗಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರ ಹರಡಿ ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯುತ್ತಾರೆ. ಕೇರಿಗೆ ಕೇರಿಯೇ ಬಂದು ಎಳೆಯುತ್ತಿತ್ತು, ಸಿಕ್ಕ ಬಂಗಡೆ, ತಾರ್ಲೆಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಸೊರಗಿತು. ಈಗ ಅಲ್ಲೊಂದು ಇಲ್ಲೊಂದು ಉಳಿದಿದೆ. ಎಳೆಯುವುದು ಕಂಡರೆ ಫೋಟೋ ಆಮೇಲೆ ತೆಗೆಯಿರಿ, ಮೊದಲು ಹಗ್ಗಕ್ಕೆ ಕೈ ಹಚ್ಚಿ. ಯಾರೂ ಬೇಡ ಎನ್ನುವುದಿಲ್ಲ.

ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಕಡಲು ಕಾಣುವ ಬದಲು ಉದ್ದಕ್ಕೂ ಬೇಲಿ ಕಾಣುತ್ತದೆ. ಅದು ಸೀಬರ್ಡ್ ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿತ್ತು, ಐಎನ್‌ಎಸ್ ಕದಂಬ ಸೇವೆಗೆ ಸೇರಿದ್ದು 2005ರಲ್ಲಿ. ದೇಶಕ್ಕೆ ಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಗಾ, ಬಿಣಗಾ ಮುಂತಾದ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ಜಾಗ ಎಲ್ಲವನ್ನೂ ಬಿಟ್ಟು ಎದ್ದವು. ನಾನು ಈಜು ಕಲಿತದ್ದು ಆ ಬೇಲಿಯ ಆಚೆಗಿರುವ ಮರಳಿನಲ್ಲಿ, ನಮ್ಮ ಸೋದರಮಾವನ ಮನೆಗೆ ಹೋದಾಗ. ಕಡಲೂರು ಎಂದರೆ ನಮ್ಮಂಥವರು ನಾಲ್ಕು ದಿನ ಬಂದು ಹೋಗುವ ಜಾಗ ಮಾತ್ರವಲ್ಲ. ಅದರಿಂದ ಎದ್ದುಹೋದವರೂ ಇರುತ್ತಾರೆ, ಅವರ ಊರಿನ ಹೆಸರು ನಿನಗೆ ಗೊತ್ತಿರಲಿ ಎಂದು ಬರೆದೆ.

ಅಂಕೋಲೆಯಲ್ಲಿ ಬೀಚು ಹುಡುಕಬೇಡ, ಪೇಟೆಗೆ ಹೋಗು. ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳು ತುಂಬ ಕರಿಮಣಿ ಸರ ಹಾಕಿಕೊಂಡು, ಬೆಟ್ಟದ ಬುಡದ ಗದ್ದೆಯಲ್ಲಿ ಬೆಳೆದ ಬಸಳೆ, ಹರಿವೆ, ಗೆಣಸು, ಸಿಹಿ ಈರುಳ್ಳಿಯ ಜಡೆ ಹರಡಿಕೊಂಡು ಕೂತಿರುತ್ತಾರೆ. ಸ್ವಲ್ಪ ಆಚೆಗೆ ಮೀನುಪೇಟೆ. ಬೆಟ್ಟವೂ ಕಡಲೂ ಒಂದೇ ಬುಟ್ಟಿಗೆ ಬೀಳುವುದು ಅಲ್ಲಿ. ನಮ್ಮ ಮನೆಯ ಮೀನುಸಾರಿಗೆ ಬಂಗಡೆ ಕಡಲಿನದ್ದು, ಆದರೆ ಅದರೊಳಗಿನ ಜುಮ್ಮನಕಾಯಿಯೂ ಮುರುಗಲ ಸಿಪ್ಪೆಯೂ ಕಾಡಿನವು. ಆ ಎರಡಿಲ್ಲದೆ ನಿನ್ನ ಅಜ್ಜಿ ಸಾರಿಗೆ ಒಲೆ ಹಚ್ಚುವುದಿಲ್ಲ. ಅಲ್ಲಿಂದ ಹೊನ್ನಳ್ಳಿಗೂ ಹೋಗಿಬರೋಣ. ತುಳಸಿ ಗೌಡರ ಊರು ಅದು. ಅಕ್ಷರ ಕಲಿಯದ ಆ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಲೇ ಬದುಕು ಕಳೆದರು, ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂಬುದು ಅವರಿಗೆ ಬಾಯಿಪಾಠವಿತ್ತು. ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಬೆಳೆಸಿದ ಮರಗಳ ನೆರಳಲ್ಲಿ ಒಂದಿಷ್ಟು ಹೊತ್ತು ನಡೆಯುವುದನ್ನು ನಿನ್ನ ಗೆಳತಿಯರು ತಪ್ಪಿಸಿಕೊಳ್ಳಬಾರದು.

ಬೆಟ್ಟ ಅನ್ನ ಕೊಡುತ್ತದೆ ಎಂದೆ. ಮುನಿದರೆ ಏನು ಮಾಡುತ್ತದೆ ಎಂಬುದನ್ನೂ ಬರೆಯಬೇಕು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ಕಡಿದಿದ್ದರು, ಮೇಲಿನಿಂದ ದಿನಗಟ್ಟಲೆ ಮಳೆ ಹೊಯ್ದಿತ್ತು. ದಾರಿಬದಿಯ ಚಹಾದಂಗಡಿ, ನಿಂತಿದ್ದ ಲಾರಿಗಳು ಮಣ್ಣಿನೊಡನೆ ಗಂಗಾವಳಿ ಹೊಳೆಗೆ ಹೋದವು. ಹೊಳೆಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಒಂದು ಲಾರಿಯನ್ನು ನೀರಿನಿಂದ ಎತ್ತಲು ಎರಡು ತಿಂಗಳ ಮೇಲಾಯಿತು. ಅದೇ ವರ್ಷ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾ ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ನೆರೆಯಲ್ಲಿ ಸತ್ತರು. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಕಡಲಿನ ತೇವ, ಮೇಲೆ ಬಂದು ಕೂತ ತಣ್ಣನೆಯ ಗಾಳಿ, ಹಿಂದೆ ಬೆಟ್ಟ. ತುರೀಸ್ ಎಂಬ ಊರಿನ ಮಳೆಮಾಪಕದಲ್ಲಿ ಒಂದೇ ದಿನಕ್ಕೆ 771 ಮಿಲಿಮೀಟರ್ ದಾಖಲಾಯಿತು. ನಮ್ಮ ಪುಣೆಗೆ ಇಡೀ ವರ್ಷ ಬೀಳುವುದಕ್ಕಿಂತ ಹೆಚ್ಚು! ಆ ಅಂಕಿಯನ್ನು ಪತ್ರಿಕೆಯಲ್ಲಿ ನೋಡಿ ನಾನು ಎರಡು ಸಲ ಓದಿದೆ. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಸೆಪ್ಟೆಂಬರಿನ ಮೊದಲ ಪಾಲು ಮೇಲು ಎಂದದ್ದು ಯಾಕೆ, ಅಕ್ಟೋಬರಿಗೆ ಮುಂದೂಡಬಾರದು ಯಾಕೆ ಎಂದು ನಿನಗೆ ತಿಳಿಯಲಿ ಎಂದು ಬರೆದೆ. ನಮ್ಮ ಕರಾವಳಿಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇಡ ಎನ್ನುವುದಕ್ಕೂ ಕಾರಣ ಇದೇ. ರೂಮು ಹಿಡಿಯುವಾಗ ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕಟ್ಟಡದ ಹಿಂಬದಿಯಲ್ಲಿ ಏನಿದೆ ಎಂದು ನೀನು ಕೇಳು. ಕಡಿದ ಗುಡ್ಡದ ಬುಡದಲ್ಲೋ, ಒಣಗಿದ ಹಳ್ಳದ ಪಾತ್ರದಲ್ಲೋ ಕಟ್ಟಿದ್ದರೆ, ಎಷ್ಟೇ ಚಂದವಿದ್ದರೂ ಬಿಟ್ಟುಬಿಡು.

ನೀರಿಗೆ ಇಳಿಯುವ ವಿಷಯ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಕೊಂಡರು. ಮಳೆಗಾಲವಲ್ಲ, ಬಿರುಗಾಳಿಯಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ದಡಕ್ಕೆ ಬಂದ ನೀರು ಎಲ್ಲೋ ಒಂದು ಕಡೆಯಿಂದ ಒಳಕ್ಕೆ ಹೋಗಲೇಬೇಕಲ್ಲ, ಹೋಗುವ ಆ ಜಾಗದಲ್ಲಿ ಸೆಳೆತ ಇರುತ್ತದೆ. ಅಲೆ ಒಡೆದು ಬೆಳ್ಳಗೆ ನೊರೆ ಏಳುವ ಸಾಲಿನ ನಡುವೆ ಒಂದು ಕಡೆ ನೀರು ಸುಮ್ಮನಿದ್ದು ಕಪ್ಪಾಗಿ ಕಂಡರೆ, ಅದು ಶಾಂತ ಜಾಗ ಎಂದುಕೊಂಡು ಹೊಸಬರು ಅಲ್ಲೇ ಇಳಿಯುತ್ತಾರೆ. ಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡಕ್ಕೆ ಎದುರಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು, ಆಮೇಲೆ ದಡ ಹಿಡಿಯಬೇಕು. ಜೀವರಕ್ಷಕರು ಶಿಳ್ಳೆ ಊದಿದರೆ ಮರುಮಾತಿಲ್ಲದೆ ಮೇಲೆ ಬರಬೇಕು. ಇದನ್ನು ನಿನ್ನ ಗೆಳತಿಯರಿಗೆ ಓದಿ ಹೇಳು. ಕಾರವಾರಕ್ಕೂ ಇದೇ, ನೆರ್ಹಾಕ್ಕೂ ಇದೇ.

ಉಬ್ಬರ ಇಳಿತ ಮಾತ್ರ ಎರಡು ಕಡೆ ಒಂದೇ ಅಲ್ಲ. ಮೆಡಿಟರೇನಿಯನ್ನಿಗೆ ಹೊರಗಿನ ಸಾಗರದ ಬಾಗಿಲು ತೀರ ಇಕ್ಕಟ್ಟು, ಹಾಗಾಗಿ ಅಲ್ಲಿ ನೀರು ಏರುವುದೂ ಇಳಿಯುವುದೂ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ದಿನಕ್ಕೆ ಎರಡು ಸಲ ಕಡಲು ಹೊಳೆಯೊಳಗೆ ಬಂದು ಹೋಗುತ್ತದೆ. ಅದನ್ನು ನೋಡಬೇಕಾದ್ದು ಅಘನಾಶಿನಿಯಲ್ಲಿ. ತದಡಿಯಿಂದ ತಾರಿ ದೋಣಿಯಲ್ಲಿ ಆಚೆಗೆ ಹೋಗಬಹುದು. ಇಳಿತದ ಹೊತ್ತಿಗೆ ಹೊಳೆಯ ನಡುವೆ ಕೆಸರಿನ ದಿಬ್ಬಗಳು ಮೇಲೇಳುತ್ತವೆ, ಗಂಡಸರು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆದುಕೊಂಡು ಬೆಳೆಯುವ ಕಗ್ಗ ಭತ್ತ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಅಘನಾಶಿನಿಗೆ ಮೇಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ, ಬೆಟ್ಟದ ಮಣ್ಣೂ ನೀರೂ ಇವತ್ತಿಗೂ ತಡೆಯಿಲ್ಲದೆ ಕಡಲಿಗೆ ಬರುತ್ತವೆ. ಅಲ್ಲಿ ಇಷ್ಟೊಂದು ಜೀವ ತುಂಬಿರುವುದು ಅದಕ್ಕೇ. 2024ರಲ್ಲಿ ಅಳಿವೆಗೆ ಜೌಗುಭೂಮಿಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದೊಡ್ಡ ಇಳಿತ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಹಾಗಾಗಿ ದತ್ತ ಜಯಂತಿಯ ಹುಣ್ಣಿಮೆಗೆ ಹೊಂದಿಸಿ ರಜೆ ಹಾಕು. ಕ್ರಿಸ್‌ಮಸ್ ವಾರ ಬೇಡ, ಗೋಕರ್ಣದ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಗೋಕರ್ಣಕ್ಕೆ ಒಂದು ಬೆಳಗು ಸಾಕು. ಮಹಾಬಲೇಶ್ವರನ ದರ್ಶನ ಮಾಡಿ, ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್‌ಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆಯಿರಿ. ನಾವು ಹಿರಿಯರು ದೇವಸ್ಥಾನದ ಹತ್ತಿರ ಕೂತಿರುತ್ತೇವೆ.

ಯಾಣವನ್ನು ಮಾತ್ರ ಬಿಡುವ ಹಾಗಿಲ್ಲ. ನಿನ್ನ ನೆರ್ಹಾದ ಯೋಜನೆಯಲ್ಲಿ ಗುಹೆ ಇದೆಯಲ್ಲ, ಅದರ ಬಗ್ಗೆ ಓದಿದೆ. 1959ರಲ್ಲಿ ಬಾವಲಿ ಹುಡುಕುತ್ತ ಹೋದ ಐದು ಹುಡುಗರಿಗೆ ಸಿಕ್ಕ ಗುಹೆ, ಒಳಗೆ 32 ಮೀಟರ್ ಎತ್ತರದ ಕಲ್ಲಿನ ಕಂಬವಿದೆ. ಸುಣ್ಣಕಲ್ಲಿನ ಬೆಟ್ಟವನ್ನು ನೀರು ಒಳಗಿನಿಂದ ಕರಗಿಸಿ ಮಾಡಿದ ಕೆಲಸ ಅದು. ಯಾಣದ ಭೈರವೇಶ್ವರ ಶಿಖರವೂ ಸುಣ್ಣಕಲ್ಲೇ, 120 ಮೀಟರ್ ಎತ್ತರ, ಕಪ್ಪಗೆ ಕಾಡಿನ ನಡುವೆ ನಿಂತಿದೆ. ನೆರ್ಹಾದಲ್ಲಿ ಬೆಟ್ಟದ ಹೊಟ್ಟೆಯೊಳಗೆ ಇರುವುದು ಯಾಣದಲ್ಲಿ ಹೊರಗೆ, ಆಕಾಶದ ಕೆಳಗೆ ಇದೆ. ಯಾಣ ನೋಡಿ ಆ ಗುಹೆಗೆ ಇಳಿದವಳಿಗೆ ಕಾಣುವುದು ಬರೀ ಬಣ್ಣದ ದೀಪವಲ್ಲ, ನೀರಿಗೂ ಕಲ್ಲಿಗೂ ನಡೆದ ವ್ಯವಹಾರ. ಇನ್ನೊಂದು, ನೆರ್ಹಾದ ಪಕ್ಕದ ಮಾರೋದಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಕಾಲುವೆ ಸೇತುವೆ ಇದೆಯಂತೆ. ನಾಲ್ಕು ಅಂತಸ್ತು, 37 ಕಮಾನು, ಸಕ್ಕರೆ ಕಾರ್ಖಾನೆಗೆ ಬೆಟ್ಟದ ನೀರು ತರಲು ಕಟ್ಟಿದ್ದು. ಕಬ್ಬಿನ ಸೀಮೆಯಲ್ಲಿ ಬೆಳೆದವಳು ನೀನು, ಅದನ್ನು ನೋಡದೇ ಬರಬೇಡ. ಫ್ರಿಹಿಲಿಯಾನಾ ಎಂಬ ಬೆಟ್ಟದೂರಿಗೆ ಒಂದು ದಿನ ಪೂರ್ತಿ ಇಡು. ಗ್ರನಾಡಾ, ಸೆವಿಲ್ಯಾ, ಬಾರ್ಸಿಲೋನಾ ಎಂದೆಲ್ಲ ಬರೆದಿದ್ದೀಯಲ್ಲ, ಗ್ರನಾಡಾ ಒಂದನ್ನು ಉಳಿಸಿ ಉಳಿದವನ್ನು ಹೊಡೆದುಹಾಕು. ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ರಜೆ ಮುಗಿದರೆ ಯಾರಿಗೆ ಸುಖ?

ವೀಸಾದ ವಿಚಾರ ನಿನಗೇ ಚೆನ್ನಾಗಿ ಗೊತ್ತು, ಆದರೂ ಬರೆಯುತ್ತೇನೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು, ಕೊನೇ ಗಳಿಗೆಗೆ ಇಡಬೇಡ. ಆಸ್ಪತ್ರೆ ಖರ್ಚಿಗೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ಬೆಟ್ಟ ಹತ್ತುವುದೂ ಅದರಲ್ಲಿ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಿ ನೋಡು.

ಕಾರವಾರಕ್ಕೆ ಅದರ ಗೋಜಿಲ್ಲ. ಗೋವಾ ಎಕ್ಸ್‌ಪ್ರೆಸ್‌ಗೆ ಸಂಜೆ ಪುಣೆಯಲ್ಲಿ ಹತ್ತಿದರೆ ಬೆಳಗಿನ ಜಾವ ಮಡಗಾಂವ್, ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ಕಾರವಾರ ಹತ್ತಿರ. ಹೋಗುವಾಗ ಘಟ್ಟ ಇಳಿಯುವುದು ಕತ್ತಲಲ್ಲಿ, ಏನೂ ಕಾಣುವುದಿಲ್ಲ. ಬರುವಾಗ ಹಗಲು. ಕುಳೆಯಿಂದ ಕ್ಯಾಸಲ್‌ರಾಕ್‌ಗೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ಕಡಿದಾದ ದಾರಿ, ಹೆಚ್ಚಿನ ಇಂಜಿನ್ ಹಚ್ಚಿ ಗಾಡಿಯನ್ನು ಮೇಲೆ ಹತ್ತಿಸುತ್ತಾರೆ, ದೂಧಸಾಗರ ಮಗ್ಗುಲಲ್ಲೇ ಹಾದುಹೋಗುತ್ತದೆ. ಕಾಡು ದಾಟಿ ಲೋಂಡಾ ಬಂತೆಂದರೆ ಗಾಳಿಯೇ ಬೇರೆ, ಬೆಳಗಾವಿ ಬರುವ ಹೊತ್ತಿಗೆ ಒಣ ಬಯಲು. ಕಡಲಿನಿಂದ ಮಳೆನೆರಳಿನವರೆಗೆ ಮುಗಿಲು ಬರುವ ದಾರಿಯಲ್ಲೇ ನಾವೂ ಬರುತ್ತೇವೆ. ಆ ಒಂದು ಮಧ್ಯಾಹ್ನಕ್ಕಾಗಿಯೇ ಕಾರು ಬೇಡ ಎನ್ನುತ್ತಿದ್ದೇನೆ.

ರೈಲು ಟಿಕೆಟ್ಟನ್ನು ಈಗ 60 ದಿನ ಮೊದಲಷ್ಟೇ ತೆಗೆಯಬಹುದು. ದಿನ ಗೊತ್ತು ಮಾಡಿ ಹೇಳು, ಬುಕಿಂಗ್ ತೆರೆದ ಬೆಳಿಗ್ಗೆಯೇ ತೆಗೆದುಬಿಡೋಣ. ನನಗೂ ಅಜ್ಜಿಗೂ ಕೆಳಗಿನ ಬರ್ತ್ ಬೇಕು. ಬರುವ ಭಾನುವಾರ ನಿನ್ನ ಗೆಳತಿಯರನ್ನೂ ಊಟಕ್ಕೆ ಕರೆದುಕೊಂಡು ಬಾ, ನನ್ನ ಹತ್ತಿರ ಉತ್ತರ ಕನ್ನಡದ ಹಳೆಯ ಭೂಪಟ ಇದೆ, ಮೇಜಿನ ಮೇಲೆ ಹರಡಿ ದಾರಿ ನೋಡೋಣ. ನೆರ್ಹಾದ ನಕ್ಷೆಯನ್ನೂ ಪ್ರಿಂಟ್ ಹಾಕಿಸಿ ತಾ, ಫೋನಿನಲ್ಲಿ ನನಗೆ ಬೆಟ್ಟದ ಗೆರೆಗಳು ಕಾಣುವುದಿಲ್ಲ.

ನಿನ್ನ ಪ್ರೀತಿಯ
ಅಜ್ಜ

ತಾ.ಕ.: ಗೆಳತಿಯರಲ್ಲಿ ಮೀನು ತಿನ್ನದವರು ಇದ್ದರೆ ಮೊದಲೇ ತಿಳಿಸು. ಅಂಕೋಲೆಯ ಮನೆಯಲ್ಲಿ ಅವರಿಗೆ ಬೇರೆ ಅಡುಗೆ ಮಾಡಿಸಲು ಅಜ್ಜಿ ಈಗಲೇ ಫೋನು ಮಾಡಬೇಕಂತೆ.